ಒಳಗೆ ಕೂತು ಅರ್ಥ ಹೇಳುವವನು

ಅರ್ಥ ಹೇಳುವುದು ಎಷ್ಟು ಕಷ್ಟದ ಕೆಲಸ ಎಂದು ಕುಂದಾಪುರದ ಹತ್ತಿರದ ನಮ್ಮ ತೆಕ್ಕಟ್ಟೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತಾಳಮದ್ದಲೆಯಲ್ಲಿ ದೊಡ್ಡ ಹೆಸರು ಮಾಡಿದ ಆನಂದ ಮಾಸ್ತರು ತಮ್ಮ ಹೆಸರಿನ ಜೊತೆಗೆ ಊರೂರಿಗೆ ಕೊಂಡೊಯ್ದದ್ದು ಈ ಊರಿನ ಹೆಸರನ್ನೇ. ಕೊಮೆ ಕಡೆಗೆ ಹೋದರೆ ಯಶಸ್ವೀ ಕಲಾವೃಂದದವರು ಇವತ್ತಿಗೂ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರೆ. ಯಕ್ಷಗಾನವನ್ನೇ ಕೂತು ಆಡುವ ತಾಳಮದ್ದಲೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ನಾಲ್ಕು ಸಾಲಿನ ಪದ್ಯ ಹೇಳಿ ನಿಲ್ಲಿಸುತ್ತಾರೆ. ಎದುರಿಗೆ ಶಾಲು ಹೊದ್ದು ಕೂತವರು ಆ ನಾಲ್ಕು ಸಾಲನ್ನು ಹಿಡಿದುಕೊಂಡು ಅರ್ಧ ಗಂಟೆ ಮಾತಾಡುತ್ತಾರೆ. ಕರ್ಣಭೇದನ ಎಂಬ ಪ್ರಸಂಗದಲ್ಲಿ ಕೃಷ್ಣ ಬಂದು ನೀನು ಕುಂತಿಯ ಮಗ ಎಂದು ಹೇಳಿದ ಮೇಲೆ ಕರ್ಣನಿಗೆ ಏನಾಯಿತು ಎನ್ನುವುದಕ್ಕೆ ಪುಸ್ತಕದಲ್ಲಿ ಇರುವುದು ಕೆಲವೇ ಪದ್ಯ. ಉಳಿದದ್ದು ಹೀಗೆ ಅರ್ಥ ಹೇಳುವ ಅರ್ಥಧಾರಿಯ ಒಳಗಿನಿಂದ ಬರಬೇಕು. ಪದ್ಯ ಬಾಯಿಗೆ ಬರುವವರು ಬೇಕಾದಷ್ಟು ಜನ. ಆದರೆ ಸಭೆಯ ಹಿಂದಿನ ಸಾಲಿನಲ್ಲಿ ಕೂತ ಹಿರಿಯರು, ಯಾರದೋ ಅರ್ಥ ಕೇಳಿ ತಲೆಯಾಡಿಸುತ್ತಾ ಹೇಳಿದ್ದು ನನಗೆ ಮರೆತಿಲ್ಲ: "ಪದ್ಯ ಬಾಯಿಗ್ ಬಂದ್ರೆ ಸಾಲ ಮಾರಾಯಾ, ಕರ್ಣ ಒಳ್ಗ್ ಬರ್ಕ್."

ನಾನು ಕ್ರೈಸ್ತ. ಮನೆಯೊಳಗೆ ಕೊಂಕಣಿ, ಮನೆಯ ಹೊರಗೆ ಕುಂದಾಪ್ರ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಹೀಗೆ ಬೆಳೆದವನು. ಬೈಬಲ್ ತೆರೆದಾಗಲೆಲ್ಲ ಆ ಹಿರಿಯರ ಮಾತು ಎದುರಿಗೆ ಬಂದು ನಿಲ್ಲುತ್ತದೆ. ಸುವಾರ್ತೆಯ ಎಷ್ಟೋ ಅಧ್ಯಾಯಗಳು ನನಗೆ ಬಾಯಿಗೆ ಬರುತ್ತವೆ. ಆದರೆ ಬಾಯಿಗೆ ಬಂದದ್ದಕ್ಕೂ ತಿಳಿದದ್ದಕ್ಕೂ ನಡುವೆ ಒಂದು ಹೊಳೆಯೇ ಇದೆ. ಅದನ್ನು ದಾಟಿಸುವವನು ಕ್ರಿಸ್ತನೇ, ಅವನು ಹೊರಗೆಲ್ಲೋ ಅಲ್ಲ, ಓದುವವನ ಒಳಗೇ ಇದ್ದು ದಾಟಿಸುತ್ತಾನೆ ಎಂದು ನಮ್ಮ ಹಿರಿಯರು ನಂಬಿದರು. ನಾನೂ ನಂಬುತ್ತೇನೆ. ಕ್ರಿಸ್ತ ನಿಮ್ಮ ಹೃದಯದಲ್ಲಿ ಮನೆ ಮಾಡಲಿ ಎಂದು ಪೌಲ ಎಫೆಸದವರಿಗಾಗಿ ಪ್ರಾರ್ಥಿಸಿದ್ದು ಅಲಂಕಾರದ ಮಾತಲ್ಲ.

ಇದನ್ನು ಎಲ್ಲರಿಗಿಂತ ಬಿಡಿಸಿ ಹೇಳಿದವನು ಸಂತ ಅಗಸ್ಟೀನ. ಸುಮಾರು 389ರಲ್ಲಿ, ಇಟಲಿಯಿಂದ ಆಫ್ರಿಕದ ತನ್ನ ಹುಟ್ಟೂರಿಗೆ ಮರಳಿದ ಮೇಲೆ, 'ಗುರು' ಎಂಬ ಸಣ್ಣ ಪುಸ್ತಕ ಬರೆದ. ಅದು ತಂದೆ ಮಗನ ಮಾತುಕತೆ. ಮಗನ ಹೆಸರು ಅದೆಯೊದಾತುಸ್, ಹದಿನಾರರ ಹುಡುಗ. ಮಾತಿನಿಂದ ಏನನ್ನಾದರೂ ಕಲಿಸಲು ಬರುತ್ತದೆಯೇ ಎಂದು ತಂದೆ ಕೇಳುತ್ತಾ ಹೋಗುತ್ತಾನೆ. ಮಗ ಉತ್ತರ ಕೊಡುತ್ತಾನೆ, ಎಡವುತ್ತಾನೆ, ಮತ್ತೆ ಎದ್ದು ಉತ್ತರ ಕೊಡುತ್ತಾನೆ. ಕೊನೆಗೆ ಇಬ್ಬರೂ ಬಂದು ಮುಟ್ಟುವುದು ಇಲ್ಲಿಗೆ: ಮೇಷ್ಟ್ರ ಮಾತು ಕಿವಿಯ ತನಕ ಬರುತ್ತದೆ, ಅದು ನಿಜ ಹೌದೋ ಅಲ್ಲವೋ ಎಂದು ನಾವು ಕೇಳಿಕೊಳ್ಳುವುದು ಒಳಗೆ, ಅಲ್ಲಿ ಕೂತು ಹೌದೆನ್ನುವವನು ಕ್ರಿಸ್ತ. ಮಗನದು ಎಂದು ಪುಸ್ತಕದಲ್ಲಿ ಬಂದ ಮಾತೆಲ್ಲ ನಿಜವಾಗಿ ಆ ಹುಡುಗನದೇ ಯೋಚನೆ ಎಂದು ಅಗಸ್ಟೀನ ಮುಂದೆ ಬರೆದುಕೊಂಡಿದ್ದಾನೆ. ಆ ಹೊತ್ತಿಗೆ ಮಗ ತೀರಿಕೊಂಡಿದ್ದ. ಮಗನಿಗೆ ತಾನು ಗುರು ಅಲ್ಲ, ಇಬ್ಬರಿಗೂ ಗುರು ಬೇರೆ ಇದ್ದಾನೆ ಎಂದು ತಂದೆಯೊಬ್ಬ ಒಪ್ಪಿಕೊಂಡ ಪುಸ್ತಕ ಅದು. ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಾಗಾದರೆ ಹೊರಗಿನ ಗುರು ಬೇಡವೇ? ಬೇಕು. ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಓದಿದ್ದು ತಿಳಿಯಿತೇ ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಯಾರೂ ತೋರಿಸದೆ ಹೇಗೆ ತಿಳಿದೀತು ಎಂದು ಬಿಚ್ಚುಮನಸ್ಸಿನಿಂದ ಹೇಳಿ, ಹತ್ತಿ ಬಾ ಎಂದು ಪಕ್ಕದಲ್ಲಿ ಜಾಗ ಕೊಡುತ್ತಾನೆ. ನಮ್ಮ ಕರಾವಳಿಯ ಕಥೆಯೂ ಇದೇ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ 1570ರಿಂದ ಲೆಕ್ಕ ಹಿಡಿಯುತ್ತಾರೆ. ಅಂದಿನಿಂದ ನಾಲ್ಕು ಶತಮಾನ ನಮ್ಮವರು ಪೂಜೆ ಕೇಳಿದ್ದು ಲ್ಯಾಟಿನಿನಲ್ಲಿ. ದೇವರ ವಾಕ್ಯವನ್ನು ಎಲ್ಲ ಕ್ರೈಸ್ತರೂ ತಾವೇ ಓದಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಒತ್ತಿ ಹೇಳಿದ್ದು 1965ರಲ್ಲಿ. ಅಷ್ಟು ಕಾಲ ಗ್ರಂಥ ಕೈಗೆ ಸಿಗದಿದ್ದರೂ ಒಳಗಿನವನು ನಮ್ಮ ಅಜ್ಜಿಯರನ್ನು ಬಿಟ್ಟು ಹೋಗಿರಲಿಲ್ಲ ಎನ್ನುವುದು ನನ್ನ ನಂಬಿಕೆ. ಸಂಜೆಯ ತೇರ್ಸದ, ಅಂದರೆ ಜಪಮಾಲೆಯ, ಮಣಿ ಎಣಿಸುತ್ತಾ ಅವರು ನೆನೆದದ್ದು ಅವನ ಹುಟ್ಟು, ಸಾವು, ಎದ್ದುಬಂದ ಬೆಳಗು. ಅಕ್ಷರವಿಲ್ಲದೆ ನಡೆದ ಓದು ಅದು.

ಲೂಕ ಹೇಳುವ ಎಮ್ಮಾವುಸಿನ ದಾರಿಯ ಕಥೆಯನ್ನು ನಾನು ಯಾವಾಗಲೂ ನಮ್ಮ ಹೆದ್ದಾರಿಯ ಮೇಲೇ ಕಾಣುತ್ತೇನೆ. ಜೆರೂಸಲೇಮಿನಿಂದ ಹನ್ನೊಂದು ಕಿಲೋಮೀಟರ್ ದಾರಿ. ತೆಕ್ಕಟ್ಟೆಯಿಂದ ಕುಂಭಾಶಿ, ಕೋಟೇಶ್ವರ ದಾಟಿ ಕುಂದಾಪುರ ಸೇರುವಷ್ಟು, ಹೆಚ್ಚುಕಡಿಮೆ. ಕ್ರಿಸ್ತ ಶಿಲುಬೆಗೇರಿದ ಮೇಲೆ ಸೋತುಹೋದ ಇಬ್ಬರು ಶಿಷ್ಯರು ನಡೆಯುತ್ತಿದ್ದಾರೆ. ಒಬ್ಬನ ಹೆಸರು ಕ್ಲೆಯೋಪ, ಇನ್ನೊಬ್ಬನ ಹೆಸರನ್ನು ಲೂಕ ಹೇಳುವುದಿಲ್ಲ. ಅಪರಿಚಿತನೊಬ್ಬ ಜೊತೆಗೂಡಿ ಮೋಶೆಯಿಂದ ಶುರುಮಾಡಿ ಪ್ರವಾದಿಗಳ ತನಕ ಗ್ರಂಥವನ್ನೆಲ್ಲ ಬಿಡಿಸಿ ಹೇಳುತ್ತಾನೆ. ಅವನು ಎದ್ದುಬಂದ ಕ್ರಿಸ್ತನೇ ಎಂದು ಗುರುತು ಸಿಗುವುದು ಊಟಕ್ಕೆ ಕೂತು ರೊಟ್ಟಿ ಮುರಿದಾಗ. ಗುರುತು ಸಿಕ್ಕಿದ ಕೂಡಲೇ ಅವನು ಕಣ್ಣಿಗೆ ಕಾಣದಾಗುತ್ತಾನೆ. ಆಮೇಲೆ ಅವರಿಗೆ ನೆನಪಾಗುವುದು ದಾರಿಯುದ್ದಕ್ಕೂ ಎದೆ ಉರಿಯುತ್ತಿತ್ತಲ್ಲ ಎಂದು. ಗುರು ಪಕ್ಕದಲ್ಲಿ ನಡೆದದ್ದು ಹನ್ನೊಂದು ಕಿಲೋಮೀಟರ್ ಮಾತ್ರ. ಉರಿ ಮಾತ್ರ ಉಳಿಯಿತು. ಇನ್ನೊಂದನ್ನು ಮರೆಯಬಾರದು: ಅವರು ಅಲ್ಲೇ ಕಣ್ಣುಮುಚ್ಚಿ ಆ ಉರಿಯನ್ನು ಸವಿಯುತ್ತಾ ಕೂರಲಿಲ್ಲ. ಆ ಗಳಿಗೆಯಲ್ಲೇ ಎದ್ದು, ರಾತ್ರಿಯಾದರೂ ಸರಿಯೆಂದು, ಬಂದ ದಾರಿಯಲ್ಲಿ ವಾಪಸು ನಡೆದು ಉಳಿದವರನ್ನು ಸೇರಿಕೊಂಡರು.

ಹಾಗೆ ಉಳಿದವರ ನಡುವೆ ಮರಳಿದ್ದು ನನಗೆ ಬಹಳ ಮುಖ್ಯ. ಏಕೆಂದರೆ 'ನನ್ನ ಒಳಗಿನ ಕ್ರಿಸ್ತ ಹೀಗೆ ಹೇಳಿದ' ಎನ್ನುವ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಗೋವೆಯಲ್ಲಿ 1560ರಲ್ಲಿ ಶುರುವಾಗಿ 1812ರ ತನಕ ನಡೆದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಧೀಶರೂ ಇದೇ ಸುವಾರ್ತೆ ಓದುತ್ತಿದ್ದವರೇ. ನಮ್ಮ ಪೂರ್ವಿಕರು ಗೋವೆ ಬಿಟ್ಟು ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರದ ಕಡೆಗೆ ಇಳಿದು ಬಂದದ್ದಕ್ಕೆ ತೆರಿಗೆ, ಬರ, ಯುದ್ಧಗಳ ಜೊತೆಗೆ ಆ ನ್ಯಾಯಾಲಯದ ಹೆದರಿಕೆಯೂ ಒಂದು ಕಾರಣ. ಶತ್ರುವನ್ನು ಪ್ರೀತಿಸು ಎಂಬ ಪುಸ್ತಕವನ್ನು ಕೈಯಲ್ಲಿ ಹಿಡಿದೇ ನೆರೆಯವನನ್ನು ಹಿಂಸಿಸಲು ಬಂದಿತಲ್ಲ! ಅಲ್ಲಿ ಪದ್ಯವಿತ್ತು, ಪಾತ್ರ ಒಳಗೆ ಬಂದಿರಲಿಲ್ಲ. ತಾಳಮದ್ದಲೆಯಲ್ಲಿ ಅರ್ಥಧಾರಿ ಕರ್ಣನ ಹೆಸರಿನಲ್ಲಿ ತನ್ನ ಜಾಣತನವನ್ನೇ ಮೆರೆಸಲು ಹೊರಟರೆ ಸಭೆಗೆ ಎರಡೇ ಮಾತಿಗೆ ತಿಳಿಯುತ್ತದೆ. ಎದುರು ಕೂತವರು ಬಿಡುವುದಿಲ್ಲ, ಮುಂದಿನ ಪದ್ಯವೂ ಬಿಡುವುದಿಲ್ಲ. ಒಳಗಿನಿಂದ ಬಂತು ಎಂದ ಮಾತ್ರಕ್ಕೆ ಅರ್ಥ ಪದ್ಯದ ಕಟ್ಟು ಮೀರುವಂತಿಲ್ಲ.

ಒಳಗಿರುವವನ ವಿಚಾರ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಉಡುಪಿ ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ. ಮಣ್ಣಿನಲ್ಲಿ, ನೀರಿನಲ್ಲಿ, ಬೆಂಕಿಯಲ್ಲಿ ಇದ್ದು, ಅವುಗಳಿಗೇ ತಿಳಿಯದೆ ಅವುಗಳನ್ನು ನಡೆಸುವ ಅಂತರ್ಯಾಮಿಯನ್ನು ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಉದ್ದಾಲಕನಿಗೆ ವಿವರಿಸುತ್ತಾನೆ. ಉಡುಪಿಯ ಮಧ್ವಾಚಾರ್ಯರು ಜೀವನೊಳಗಿನ ಬಿಂಬರೂಪಿಯ ಮಾತು ಹೇಳಿದರು, ದಾಸರು ಅದನ್ನು ಬೀದಿಗೆ ತಂದು ಹಾಡಿದರು. ಆ ದಾಸರ ಪದಗಳನ್ನು ಸಂಗ್ರಹಿಸಿ 1850ರ ಸುಮಾರಿಗೆ ಮಂಗಳೂರಿನಲ್ಲಿ ಮೊದಲು ಅಚ್ಚು ಹಾಕಿಸಿದವನು ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್. ಕನ್ನಡ ಬೈಬಲಿನ ಪರಿಷ್ಕರಣೆಗೂ ದುಡಿದ ಮನುಷ್ಯ ಅವನು. ಎರಡೂ ಕೆಲಸ ಒಂದೇ ಮೇಜಿನ ಮೇಲೆ ನಡೆದದ್ದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಆದರೆ ಆ ಅಂತರ್ಯಾಮಿಯೂ ಕ್ರಿಸ್ತನೂ ಒಂದೇ ಎಂದು ನಾನು ಹೇಳುವವನಲ್ಲ. ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯ. ನನ್ನ ಒಳಗಿರುವವನಿಗೆ ಒಂದು ಊರಿದೆ, ತಾಯಿಯಿದ್ದಾಳೆ, ಬಡಗಿಯ ಕಸುಬಿದೆ, ಪೊಂತಿಯಸ್ ಪಿಲಾತನ ಕಾಲದಲ್ಲಿ ಬಿದ್ದ ಮೊಳೆಯ ಗಾಯವಿದೆ. ಅವನ ಕಥೆ ಪುಸ್ತಕದಲ್ಲಿದೆ. ಅದಕ್ಕೇ ಒಳಗೆ ಕೇಳಿದ ದನಿ ಅವನದೋ ನನ್ನದೋ ಎಂದು ಪರೀಕ್ಷಿಸಲು ದಾರಿಯಿದೆ. ಕುಷ್ಠರೋಗಿಯನ್ನು ಮುಟ್ಟಿದವನು, ಶಿಷ್ಯರ ಕಾಲು ತೊಳೆದವನು ಒಳಗೆ ಕೂತು ಯಾರನ್ನೋ ದೂರ ಇಡು ಎಂದು ಹೇಳಲಾರ. ಹೇಳಿದರೆ ಅದು ನನ್ನದೇ ದನಿ. ಪುಸ್ತಕವನ್ನು ಒಳಗಿನವನು ತೆರೆಯುತ್ತಾನೆ. ಒಳಗಿನವನ ಗುರುತನ್ನು ಪುಸ್ತಕ ಹಿಡಿದುಕೊಡುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ಕೈಗೆ ಹತ್ತುವುದಿಲ್ಲ.

ದೀಕ್ಷಾಸ್ನಾನ ಆದವರಿಗೆ ಮಾತ್ರವೇ ಈ ಗುರು ಎಂದು ಕೇಳಿದರೆ, ಮಂಜೇಶ್ವರದ ಕವಿ ಗೋವಿಂದ ಪೈಗಳ ಕಡೆಗೆ ಕೈ ತೋರಿಸುತ್ತೇನೆ. ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದ ಅವರು ಕ್ರೈಸ್ತರಾದವರಲ್ಲ. ಆದರೂ ಆ ಶಿಲುಬೆಯ ಬುಡದಲ್ಲಿ ನಿಂತು ನೋಡಿದವರ ಹಾಗೆ ಬರೆದರು. ಅವರಿಗೆ ಆ ದಾರಿಯಲ್ಲಿ ಯಾರು ಜೊತೆ ನಡೆದರು ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಯಾರೋ ನಡೆದರು ಎಂಬುದರಲ್ಲಿ ನನಗೆ ಅನುಮಾನವೂ ಇಲ್ಲ.

ನಮ್ಮ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ನೆರೆಹೊರೆಯ ಮನೆಗಳ, ಕೂಟದಲ್ಲಿ ಒಂದು ಸಂಜೆ ಮತ್ತಾಯನ ಇಪ್ಪತ್ತನೆಯ ಅಧ್ಯಾಯ ಓದಿದೆವು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಡುವ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ವಾಳೆಯ ಮುಖಂಡರಾದ ಗುರಿಕಾರರು ಓದಿ ಮುಗಿಸಿದರು. ದೇವರ ಕೃಪೆ, ಮೋಕ್ಷ ಎಂದು ನಾವೆಲ್ಲ ಕೇಳಿ ಕಲಿತದ್ದನ್ನೇ ಹೇಳಿದೆವು. ಮೂಲೆಯಲ್ಲಿ ಕೂತಿದ್ದ ಹಿರಿಯ ಬಾಯಮ್ಮ, ಹರೆಯದಲ್ಲಿ ಮೀನಿನ ಬುಟ್ಟಿ ಹೊತ್ತವರು, ಸಾಲಿನ ಕೆಳಗೆ ಬೆರಳಿಟ್ಟು ಇನ್ನೊಮ್ಮೆ ನಿಧಾನಕ್ಕೆ ಓದಿದರು. ಆಮೇಲೆ ಕೊಂಕಣಿಯಲ್ಲಿ ಹೇಳಿದ್ದರ ಸಾರ ಇಷ್ಟು: ಬೆಳಿಗ್ಗೆ ಕೆಲಸ ಸಿಕ್ಕಿದವನಿಗೆ ಬಿಸಿಲು ಮಾತ್ರ. ಐದರ ತನಕ ಯಾರೂ ಕರೆಯದೆ ರಸ್ತೆ ಬದಿಯಲ್ಲಿ ನಿಂತವನಿಗೆ ಬಿಸಿಲೂ ಇತ್ತು, ಮನೆಗೆ ಅಕ್ಕಿ ಹೇಗೆ ಒಯ್ಯಲಿ ಎಂಬ ಹೆದರಿಕೆಯೂ ಇತ್ತು. ಎರಡನ್ನೂ ಹೊತ್ತವನಿಗೆ ಯಜಮಾನ ಕೂಲಿ ಕೊಟ್ಟ, ಅಷ್ಟೇ.

ಕಷ್ಟಪಟ್ಟವರಾದ್ದರಿಂದ ಹೊಳೆಯಿತು ಎಂದು ಪಕ್ಕದವರೊಬ್ಬರು ಆಮೇಲೆ ಹೇಳಿದರು. ನನಗೆ ಅಷ್ಟು ಸಾಲದು. ಅದೇ ಕಷ್ಟ ಉಂಡ ಎಷ್ಟೋ ಜನ, ನಾನು ಇಡೀ ದಿನ ದುಡಿದಿದ್ದೇನೆ, ತಡವಾಗಿ ಬಂದವನಿಗೆ ಏಕೆ ಕೊಡಬೇಕು ಎಂದು ಕಹಿಯಾಗಿದ್ದಾರೆ. ಬಾಯಮ್ಮನ ನೆನಪನ್ನು ಕಹಿಯ ಕಡೆಗೆ ಹೋಗಗೊಡದೆ, ನಿಂತೇ ಇದ್ದ ಆ ಕೊನೆಯವನ ಕಡೆಗೆ ತಿರುಗಿಸಿದವನು ಯಾರು? ಆ ಸಾಮತಿಯನ್ನು ಮೊದಲು ಹೇಳಿದವನೇ ಎಂದಲ್ಲದೆ ನನಗೆ ಬೇರೆ ಉತ್ತರ ತಿಳಿಯದು. ಗುತ್ತಿಗೆ ಕೆಲಸ ಮಾಡಿಸುವ ಯುವಕನೊಬ್ಬ ಮಾತ್ರ ಸುಮ್ಮನಿರಲಿಲ್ಲ. ಹಾಗಾದರೆ ಬೆಳಿಗ್ಗೆ ಬಂದವನ ಪಾಡೇನು ಎಂದು ಕೇಳಿದ. ಬಾಯಮ್ಮ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುತ್ತಾ, ನಾಳೆ ನೀನು ಆಳು ಕರೆಯಲು ಹೋದಾಗ ಕೊನೆಯವರೆಗೂ ಉಳಿಯುವವರು ಯಾರೆಂದು ಒಮ್ಮೆ ನೋಡಿ ಬಾ, ಆಮೇಲೆ ಮಾತಾಡುವ ಎಂದರು.