ಹತ್ತು ಕಿಲೋಮೀಟರು ಓಡಿದ್ದು!

ಓಡೋದು ಅಂದ್ರೆ ನನಗೆ ಬಸ್ಸಿನ ಹಿಂದೆ ಓಡೋದಷ್ಟೇ ಗೊತ್ತಿತ್ತು. 2025ರ ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಅಂತ ಬಂತು. 5.7ಕ್ಕೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ಕ್ಕೆ ಮನೆಯೊಳಗೆ. ಇದೇ ಕಾಯಿಲೆಗೆ ಕಾಲ್ಬೆರಳು ಕಳಕೊಂಡ ಅಪ್ಪ ಕಣ್ಮುಂದೆ ಬಂದರು. ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟುಬಿಟ್ಟೆ.

ಸಂಕ್ರಾಂತಿಗೆ ಕತ್ತಲಗೆರೆಗೆ ಹೋದವನು ಅಲ್ಲೇ ಶುರುಮಾಡಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಕೃಷಿ ಸಂಶೋಧನಾ ಕೇಂದ್ರದ ತನಕ ಹೋಗಿ ವಾಪಸ್. ಗದ್ದೆಗೆ ಹೊರಟಿದ್ದ ಅಜ್ಜ ಒಬ್ಬರು "ಯಾಕ್ ತಮ್ಮಾ, ಯಾರಾದ್ರೂ ಅಟ್ಟಿಸ್ಕೆಂಡ್ ಬಂದ್ರಾ?" ಅಂದ್ರು. ಮಾರನೇ ದಿನ ನಾಯಿಗಳು ನಿಜವಾಗಿಯೂ ಅಟ್ಟಿಸಿಕೊಂಡು ಬಂದವು. ಇವತ್ತಿಗೂ ನನ್ನ ಅತಿ ಹೆಚ್ಚಿನ ವೇಗ ಅದೇ :-)

ಮಾರ್ಚ್ ಹೊತ್ತಿಗೆ ನಿಲ್ಲದೆ ಆರು ಕಿಲೋಮೀಟರು ಆಗ್ತಿತ್ತು.

ಏಪ್ರಿಲ್ 27, ಭಾನುವಾರ. ಮಾಣೆಕ್ ಷಾ ಪರೇಡ್ ಮೈದಾನದಿಂದ ಹೊರಟಾಗ ಜನರನ್ನು ನೋಡಿ ಹುಮ್ಮಸ್ಸು ಬಂದು ಮೊದಲೆರಡು ಕಿಲೋಮೀಟರು ಹಾರಿದೆ. ಅದೇ ತಪ್ಪಾಗಿದ್ದು. ಏಳನೇದರಲ್ಲಿ ಪಕ್ಕೆ ಹಿಡಿದು ನಡೆಯೋ ಹಾಗಾಯ್ತು. ಸೀರೆ ಉಟ್ಟ ಅಜ್ಜಿಯೊಬ್ಬರು "ಬನ್ನಿ, ಬನ್ನಿ" ಅನ್ನುತ್ತಾ ನನ್ನನ್ನು ದಾಟಿ ಹೋದರು. ನಾಚಿಕೆಗೇ ಮತ್ತೆ ಓಡಿದೆ.

1 ಗಂಟೆ 24 ನಿಮಿಷ. ಅವತ್ತು ಗೆದ್ದ ಉಗಾಂಡಾದ ಜೋಶುವಾ ಚೆಪ್ಟಗೈಗೆ ಅಷ್ಟೇ ದೂರಕ್ಕೆ ಬೇಕಾಗಿದ್ದು 27 ನಿಮಿಷ 53 ಸೆಕೆಂಡು!

ಊರಿಗೆ ಫೋನ್ ಮಾಡಿದೆ. "ಎಷ್ಟನೇ ನಂಬರ್ ಬಂದೆ?" ಅಂದ್ರು ಅಪ್ಪ. ಸಾವಿರಾರು ಜನರ ಹಿಂದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಕಾಲು ಹೆಂಗವೆ?"