ಈ ಒಂದು ವರ್ಷ ಇರಲಿ ಬಿಡಿ

ಎಲೆಚುಕ್ಕಿ ಬಂದ ಮೇಲೆ ನಮ್ಮ ಕೊಲ್ಲಮೊಗ್ರು ಕಡೆ ಇಬ್ಬರು ಸಿಕ್ಕಿದರೆ ಮಾತು ಅದೇ. ಕೆಲವರು ತಮಾಷೆಗೆ ನನ್ನ ಹತ್ತಿರ ಕೇಳುವುದುಂಟು: "ನೀವು ಪ್ರತಿ ಆದಿತ್ಯವಾರ ಇಗರ್ಜಿಗೆ ಹೋಗುವವರಲ್ವಾ? ದೇವರು ನಿಮ್ಮ ತೋಟವನ್ನಾದ್ರೂ ಬಿಟ್ಟನಾ?"

ಬಿಡಲಿಲ್ಲ ಮಾರಾಯ್ರೆ. ಶಿಲೀಂಧ್ರಕ್ಕೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ. ಮಳೆಹನಿ ಸಿಡಿದಲ್ಲಿಗೆ, ಗಾಳಿ ಬೀಸಿದಲ್ಲಿಗೆ ಅದು ಹೋಗ್ತದೆ. ದೇವರು ಒಳ್ಳೆಯವರು, ಕೆಟ್ಟವರು ಎಂದು ನೋಡದೆ ಎಲ್ಲರ ಮೇಲೂ ಮಳೆ ಸುರಿಸ್ತಾನೆ ಅಂತ ಯೇಸು ಹೇಳಿದ್ದು ಸುವಾರ್ತೆಯಲ್ಲಿ ಉಂಟು. ಅದನ್ನು ಓದಿದ ಮೇಲೆ ನನ್ನ ತೋಟ ಒಂದನ್ನು ಮಾತ್ರ ಬಿಡು ಅಂತ ಕೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಧೈರ್ಯ ಎಲ್ಲಿಂದ? ನನಗೆ ಅದು ಲೂಕನ ಸುವಾರ್ತೆಯ ಒಂದು ಸಣ್ಣ ಕಥೆಯಿಂದ. ಒಬ್ಬ ಯಜಮಾನನ ದ್ರಾಕ್ಷಿ ತೋಟದಲ್ಲಿ ಒಂದು ಅಂಜೂರದ ಮರ. ಮೂರು ವರ್ಷ ಬಂದು ನೋಡಿದರೂ ಹಣ್ಣಿಲ್ಲ. ಸುಮ್ಮನೆ ಜಾಗ ತಿನ್ನುತ್ತದೆ, ಕಡಿ ಅಂತಾನೆ. ತೋಟದ ಆಳು ಹೇಳ್ತಾನೆ: ಈ ಒಂದು ವರ್ಷ ಇರಲಿ, ನಾನು ಬುಡ ಬಿಡಿಸಿ ಗೊಬ್ಬರ ಹಾಕ್ತೇನೆ, ಹಣ್ಣು ಬಿಟ್ಟರೆ ಸರಿ, ಇಲ್ಲದಿದ್ದರೆ ಕಡಿಯುವ. ಕಥೆ ಅಲ್ಲಿಗೇ ಮುಗೀತದೆ. ಆಮೇಲೆ ಹಣ್ಣು ಬಿಟ್ಟಿತೋ ಇಲ್ಲವೋ ಹೇಳಿಲ್ಲ.

ಕೃಷಿಕರಿಗೆ ಇದು ಅರ್ಥ ಆಗ್ತದೆ. ಆ ಆಳು ಫಸಲಿನ ಗ್ಯಾರಂಟಿ ಕೊಡ್ಲಿಲ್ಲ. ಒಂದು ವರ್ಷದ ವಾಯಿದೆ ಕೇಳಿ, ಹಾರೆ ತಾನೇ ಹಿಡಿದ. ದೇವರ ಪ್ರೀತಿ ಅಂದರೆ ನನಗೆ ಆ ಆಳಿನ ಹಾಗೆ.

ನಮ್ಮ ಮೇಲಿನ ತೋಟದಲ್ಲಿ 200 ಮರ ಉಂಟು. ಸೋಗೆ ಒಣಗಿ ಹಿಂಗಾರವೂ ಸರಿ ಬರ್ತಾ ಇಲ್ಲ. ಕಡಿದು ರಬ್ಬರ್ ಹಾಕುವ ಅಂತಾನೆ ಮಗ. ಅವನ ಲೆಕ್ಕ ತಪ್ಪಲ್ಲ. ಸಾಲದ ಕಂತು ಕಟ್ಟುವವ ಅವನು. ಕಥೆಯ ಯಜಮಾನನೂ ಕೆಟ್ಟವ ಅಲ್ಲ, ಲೆಕ್ಕ ನೋಡಿದ ಅಷ್ಟೆ. ಕೊನೆಗೆ ಇಬ್ಬರೂ ಒಂದು ವರ್ಷಕ್ಕೆ ಒಪ್ಪಿದೆವು. ಮರಕ್ಕೆ ವರ್ಷಕ್ಕೆ 12 ಕೆಜಿ ಹಟ್ಟಿಗೊಬ್ಬರ, 12 ಕೆಜಿ ಸೊಪ್ಪು. ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ ಸಿಗಬೇಕು. ಪೊಟ್ಯಾಷಿನ ಲೆಕ್ಕಕ್ಕೆ ಎಂಒಪಿ ಸುಮಾರು 235 ಗ್ರಾಂ ಬೇಕು. ಸೊರಗಿದ ಮರಕ್ಕೆ ರೋಗ ಬೇಗ ಹಿಡೀತದೆ, ಹಾಗಾಗಿ ಪೊಟ್ಯಾಷ್ ಬಿಡ್ಬೇಡಿ.

ಹಾರೆ ಹಿಡಿದ ಆ ಆಳನ್ನು ನಾನು ನಮ್ಮ ಊರಲ್ಲೇ ಕಂಡದ್ದುಂಟು. 2022ರ ಆಗಸ್ಟ್ ಮೊದಲ ವಾರದ ಮಳೆ ನೆನಪಿರಬಹುದು. ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಎರಡು ಮಕ್ಕಳು ಹೋದರು. ಹರಿಹರ ಪಳ್ಳತ್ತಡ್ಕ, ಕಲ್ಮಕಾರು, ನಮ್ಮ ಕೊಲ್ಲಮೊಗ್ರು ಎಲ್ಲ ಕಡೆ ನೀರು ನುಗ್ಗಿತು. ಮರುದಿನ ಕೆಸರು ತೆಗೀಲಿಕ್ಕೆ ಬಂದವರು ಇದು ಯಾರ ಮನೆ, ಯಾವ ದೇವರ ಮನೆ ಅಂತ ಕೇಳ್ಲಿಲ್ಲ. ಈ ವರ್ಷ ಮದ್ದು ಬಿಡುವವರು ಸಿಗದೆ ನಾನು ಕೂತಾಗ ಪಕ್ಕದ ತೋಟದ ಭಾವ ಅವರ ಪಂಪು, ಪೈಪು ತಂದು, "ಹಣ ಅಡಿಕೆ ಮಾರಿದ ಮೇಲೆ ಕೊಡಿ" ಅಂದರು. ಅವರಿಗೆ ಅದು ನೆರೆಕರೆಯ ಕೆಲಸ. ನನಗೆ ಅದು ಪ್ರಾರ್ಥನೆಗೆ ಸಿಕ್ಕಿದ ಉತ್ತರ.

ಸೆಪ್ಟೆಂಬರ್ 8ಕ್ಕೆ ನಮ್ಮ ತೆನೆಹಬ್ಬ, ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ತೆನೆ ಆಶೀರ್ವಾದ ಮಾಡಿ ಮನೆಗೆ ನಾಲ್ಕು ತೆನೆ ಕೊಡ್ತಾರೆ. ನಿಮ್ಮ ಪುದ್ದರಿನ ಹಾಗೇ ಇದೂ ಹೊಸ ಅಕ್ಕಿ ಊಟ. ನಮ್ಮ ಗದ್ದೆ ತೋಟ ಆಗಿ ಎಷ್ಟೋ ವರ್ಷ ಆಯ್ತು, ಹಾಗಾಗಿ ಆ ನಾಲ್ಕು ತೆನೆಯೇ ನಮಗೆ. ಕಾಳು ಸುಲಿದು ಪಾಯಸಕ್ಕೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು ಸ್ವಲ್ಪವೇ ಅಕ್ಕಿ. ಆದ್ರೂ ಎಲ್ಲರೂ ಒಟ್ಟಿಗೆ ಕೂತೇ ಉಣ್ಣಬೇಕು. ದೂರ ಇರುವವರಿಗೆ ಕಾಗದದಲ್ಲಿ ಕಟ್ಟಿ ಕಳಿಸುವವರೂ ಉಂಟು. ಈ ವರ್ಷದ ಅಡಿಕೆ ಎಷ್ಟು ಅಂತ ಗೊತ್ತಾಗುವ ಮೊದಲೇ ಉಪಕಾರ ಹೇಳಿ ಆಗ್ತದೆ. ಹೆದರಿಕೆ ಪೂರ್ತಿ ಹೋಗುವುದಿಲ್ಲ, ಆದ್ರೆ ಮರುದಿನ ತೋಟಕ್ಕೆ ಹೋಗ್ಲಿಕ್ಕೆ ಕಾಲು ಬರ್ತದೆ.

ಮುಂದಿನ ವರ್ಷ ಈ 200 ಮರದ ಲೆಕ್ಕ ಇಲ್ಲೇ ಬರೀತೇನೆ, ಕಡಿದರೆ ಕಡಿದೆ ಅಂತಲೇ. ಅಲ್ಲಿವರೆಗೆ ಒಂದು ಕೇಳಿಕೆ. ಮಳೆ ಬಿಟ್ಟ ಕೂಡಲೇ ರೋಗ ಹಿಡಿದ ಸೋಗೆ ತೆಗೆದು ಸುಡುವ ಕೆಲಸವನ್ನು ಬೇಲಿಯ ಎರಡೂ ಕಡೆಯವರು ಒಂದೇ ವಾರದಲ್ಲಿ ಮಾಡುವ. ಒಬ್ಬರು ಮಾತ್ರ ಮಾಡಿದರೆ ಪ್ರಯೋಜನ ಕಡಿಮೆ. ನೆರೆಯವರನ್ನು ಪ್ರೀತಿಸಿ ಅಂತ ಯೇಸು ಹೇಳಿದ್ದು ಅಡಿಕೆ ತೋಟಕ್ಕೂ ಸರಿ ಹೊಂದ್ತದೆ.