ಲಾರಿ ಬರುವ ಮೊದಲೇ ಏರಿದ ಅಂಕಿ

ನಾನು ಕೆಲಸಕ್ಕೆ ಸೇರಿದ ಹೊಸತು. ಬಯಲುಸೀಮೆಯ ಹಳೇ ಉಕ್ಕಿನ ಸೇತುವೆಯೊಂದರ ಭಾರಪರೀಕ್ಷೆ. ಗರ್ಡರಿನ ತಳಕ್ಕೆ, ನಟ್ಟನಡುವೆ, ಉಕ್ಕಿನ ಹಿಗ್ಗು-ಕುಗ್ಗು ಅಳೆಯುವ 120 ಓಮ್‌ನ ಸ್ಟ್ರೇನ್ ಗೇಜ್ ಅಂಟಿಸಿ, ಎರಡು ತಂತಿ ಎಳೆದು ದಡದ ಡೇರೆಯಲ್ಲಿದ್ದ ಮೀಟರಿಗೆ ಸೇರಿಸಿದ್ದರು. ನಸುಕಿನಲ್ಲೇ ಸೊನ್ನೆಗೆ ತಂದು ಜಲ್ಲಿ ಲಾರಿಗಳ ದಾರಿ ಕಾಯುತ್ತಿದ್ದೆವು.

ಬಿಸಿಲು ಬಲಿಯಿತು. ಸೇತುವೆ ಮೇಲೆ ನರಪಿಳ್ಳೆಯಿಲ್ಲ, ಅಂಕಿ ಮಾತ್ರ ಏರುತ್ತಲೇ ಇದೆ. 100, 300, 600 ಮೈಕ್ರೋಸ್ಟ್ರೇನ್!

"ಲಾರಿನ ಬಂದಿಲ್ಲ, ಇದ್ಯಾಕ ಏರಾಕ ಹತ್ತೈತ್ರೀ ಸಾಹೇಬ್ರ?" ಎಂದರು ಧಾರವಾಡ ಕಡೆಯ ನಮ್ಮ ಹಿರಿಯ ಮೆಕ್ಯಾನಿಕ್.

ಸಾಹೇಬರು ನೋಟ್‌ಬುಕ್ ತೆಗೆದರು. ಗೇಜ್ ಉಕ್ಕಿನ ಹಿಗ್ಗುವಿಕೆಗೆ ಹೊಂದಿಸಿಯೇ ತಯಾರಾದದ್ದು. ಅನುಮಾನ ತಂತಿಯ ಮೇಲೆ. ತಾಮ್ರದ ರೋಧ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. ಎರಡೂ ತಂತಿ ಸೇರಿ 4 ಓಮ್. 10 ಡಿಗ್ರಿ ಕಾದರೆ ಹತ್ತಿರ ಹತ್ತಿರ 0.16 ಓಮ್ ಏರಿಕೆ. ಲಾರಿ ನಿಂತಾಗ ನಾವು ನಿರೀಕ್ಷಿಸಿದ್ದ 100 ಮೈಕ್ರೋಸ್ಟ್ರೇನಿಗೆ ಗೇಜು ಬದಲಾಗುವುದು ಬರೀ 0.024 ಓಮ್!

ಗೇಜಿನ ಒಂದು ತುದಿಗೆ ಮೂರನೇ ತಂತಿ ಬೆಸೆದರು. ಈಗ ವೀಟ್‌ಸ್ಟನ್ ಬ್ರಿಡ್ಜಿನಲ್ಲಿ ಗೇಜಿನ ಬಾಹುವಿಗೊಂದು ತಂತಿ, ಪಕ್ಕದ ಬಾಹುವಿಗೊಂದು. ಎರಡೂ ಒಟ್ಟಿಗೇ ಕಾದರೆ ಒಂದರ ಏರಿಕೆಯನ್ನು ಇನ್ನೊಂದು ಅಳಿಸುತ್ತದೆ. ಅಂಕಿ ನಿಂತಿತು.

"ಇನ್ನು ಲಾರಿ ಬಿಡೋಣವೇ?" ಎಂದು ಗುತ್ತಿಗೆದಾರರ ಅವಸರ. ಸಾಹೇಬರು ಒಪ್ಪಲಿಲ್ಲ. ಮೀಟರ್ ಸರಿಯಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸಲು 59,880 ಓಮ್‌ನ ನಿಖರ ರೆಸಿಸ್ಟರ್ ತೆಗೆದರು. ಅದನ್ನು ಗೇಜಿಗೆ ಸಮಾಂತರವಾಗಿ ಹಚ್ಚಿದರೆ ರೋಧ 0.24 ಓಮ್ ಇಳಿಯುತ್ತದೆ. ಮೀಟರಿನ ಪಾಲಿಗೆ ಉಕ್ಕು 1000 ಮೈಕ್ರೋಸ್ಟ್ರೇನ್ ಕುಗ್ಗಿದಂತೆ. ಡೇರೆಯಲ್ಲೇ ತಂತಿಯ ತುದಿಗೆ ಹಚ್ಚಿ ನೋಡಿದರೆ 1016. ಯಾರೋ ಮೀಟರಿನ ಗೇನ್ (ವರ್ಧನೆ) ಇಳಿಸಲು ಕೈಹಾಕಿದರು.

"ಮುಟ್ಟಬೇಡಿ," ಎಂದರು ಸಾಹೇಬರು.

ಮೆಕ್ಯಾನಿಕ್ ಸಾರವೆ ಹತ್ತಿ ಅದೇ ರೆಸಿಸ್ಟರನ್ನು ಗೇಜಿನ ಕಾಲಿಗೇ ಹಿಡಿದರು. 984!

ನಾನು ಬೆರಗಾದೆ. ಬಾಹುವಿನಲ್ಲಿ ಉಳಿದ 2 ಓಮ್ ತಂತಿ ಗೇಜಿನ ಸಂಕೇತವನ್ನು ಕುಗ್ಗಿಸುತ್ತಿತ್ತು. ಡೇರೆಯಲ್ಲಿ ಹಚ್ಚಿದಾಗ ರೆಸಿಸ್ಟರ್ ತಂತಿಯನ್ನೂ ಸೇರಿಸಿಕೊಂಡು ಉಲ್ಟಾ ಹೇಳಿತ್ತು. ಅದನ್ನು ನಂಬಿ ಗೇನ್ ಇಳಿಸಿದ್ದರೆ ಸೇತುವೆಯ ಸ್ಟ್ರೇನ್ ಶೇ 3ರಷ್ಟು ಕಡಿಮೆ ಕಾಣುತ್ತಿತ್ತು. ಹಳೇ ಸೇತುವೆಗೆ ಈ ದಿಕ್ಕಿನ ತಪ್ಪು ಬಲು ಕೆಟ್ಟದ್ದು, ಜನ ಓಡಾಡುವ ಜಾಗ ಅದು.

ಸಾಹೇಬರು ಗೇನ್ ಏರಿಸಿ 1000ಕ್ಕೆ ನಿಲ್ಲಿಸಿದರು. ರೆಸಿಸ್ಟರ್ ತೆಗೆಸಿ, ಸೊನ್ನೆ ನೋಡಿ, ಮತ್ತೆ ಹಚ್ಚಿಸಿದರು. ಅದೇ ಅಂಕಿ ಮರಳಿತು. ಆಮೇಲಷ್ಟೇ ಮೊದಲ ಲಾರಿಗೆ ಕೈ ಬೀಸಿದರು.